ಕಣ್ಣಿಗೆ ದಾರಿ, ಕೈಗೆ ಕೆಲಸ: ಗ್ಯಾರೇಜಿಗೆ ಎಆರ್ ತರುವವರಿಗೆ 15 ಸೂತ್ರಗಳು

ಬಾನೆಟ್ ಎತ್ತಿದೆ. ಹುಡುಗನ ಒಂದು ಕೈ ಇಂಜಿನ್ನಿನ ಹಿಂದೆಲ್ಲೋ ಮೊಣಕೈವರೆಗೆ ಇಳಿದಿದೆ, ಇನ್ನೊಂದು ಕೈಯಲ್ಲಿ ಫೋನು. ಫೋನಿನಲ್ಲಿ ಕಂಪನಿಯ ಮ್ಯಾನ್ಯುಅಲ್, 412ನೇ ಪುಟ. ಚಿತ್ರ ನೋಡುತ್ತಾನೆ, ಬಗ್ಗಿ ಇಂಜಿನ್ ನೋಡುತ್ತಾನೆ, ಅಷ್ಟರಲ್ಲಿ ಪರದೆ ಆರಿರುತ್ತದೆ. ಗ್ರೀಸ್ ಮೆತ್ತಿದ ಬೆರಳಿಗೆ ಫೋನು ಓಗೊಡುವುದಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಮೊದಲಿಂದ. ಸೆನ್ಸರ್ ಬಿಚ್ಚುವುದಕ್ಕೆ ಐದು ನಿಮಿಷ, ಅದು ಎಲ್ಲಿ ಅಡಗಿದೆ ಎಂದು ಹುಡುಕುವುದಕ್ಕೆ ಇಪ್ಪತ್ತು.

ಆ ಇಪ್ಪತ್ತು ನಿಮಿಷ ಉಳಿಸುತ್ತೇನೆಂದು ಗ್ಯಾರೇಜಿನ ಬಾಗಿಲು ತಟ್ಟುತ್ತಿರುವುದೇ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್. ಫೋನಿನ ಕ್ಯಾಮೆರಾದಲ್ಲೋ ವಿಶೇಷ ಕನ್ನಡಕದಲ್ಲೋ ನಿಮ್ಮೆದುರಿನ ಇಂಜಿನ್ನನ್ನೇ ನೋಡುತ್ತೀರಿ. ಬಿಚ್ಚಬೇಕಾದ ಬೋಲ್ಟಿನ ಮೇಲೆ ಬಾಣವೊಂದು ಬಂದು ಕೂರುತ್ತದೆ. ನೀವು ಅತ್ತಿತ್ತ ಸರಿದರೂ ಬಾಣ ಬೋಲ್ಟನ್ನು ಬಿಡುವುದಿಲ್ಲ.

ಈ ವಿದ್ಯೆ ಬೆಳೆದದ್ದೇ ಕೆಲಸಗಾರರ ನಡುವೆ. 1990ರಲ್ಲಿ ಬೋಯಿಂಗ್ ಕಂಪನಿಯಲ್ಲಿದ್ದ ಟಾಮ್ ಕಾಡೆಲ್, ವಿಮಾನದ ವೈರುಗಳನ್ನು ದೊಡ್ಡ ಹಲಗೆಗಳ ಮೇಲೆ ಹೊಂದಿಸಿ ಕಟ್ಟುವವರಿಗೆ ಯಾವ ವೈರು ಎಲ್ಲಿ ಹಾಯಬೇಕೆಂದು ಕಣ್ಣೆದುರೇ ತೋರಿಸಲು ಹೊರಟಾಗ ಈ ಹೆಸರಿಟ್ಟರು. 1993ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ತಂಡ ಲೇಸರ್ ಪ್ರಿಂಟರಿನ ನಿರ್ವಹಣೆಗೆಂದು ಇಂಥದ್ದೇ ವ್ಯವಸ್ಥೆ ಮಾಡಿತು. ಅದರ ಉದ್ದನೆಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ಬಂದ ಪದ ‘ಕರ್ಮ’. ಬೋಲ್ಟು ಬಿಡದಿದ್ದಾಗ ನಮ್ಮ ಮೆಕ್ಯಾನಿಕ್ ಬಾಯಲ್ಲಿ ಬರುವುದೂ ಅದೇ.

ಆದರೆ ಎಆರ್ ತಂದವರೆಲ್ಲ ಗೆದ್ದಿಲ್ಲ. ತಂದ ಕನ್ನಡಕ ಬೀರುವಿನಲ್ಲಿ ಧೂಳು ತಿನ್ನಬಾರದು ಎಂದಿದ್ದರೆ ಈ ಹದಿನೈದು ಮಾತು ನೆನಪಿರಲಿ.

1. ಮೊದಲ ದಿನ ನೋಟ್‌ಬುಕ್ ಹಿಡಿಯಿರಿ

ಡೆಮೊ ನೋಡುವ ಮೊದಲು, ಕೊಟೇಶನ್ ಕೇಳುವ ಮೊದಲು, ನಿಮ್ಮದೇ ಗ್ಯಾರೇಜಿನ ಒಂದು ಮೂಲೆಯಲ್ಲಿ ಒಂದು ದಿನ ನಿಲ್ಲಿ. ಒಂದು ಕೆಲಸ ಶುರುವಾದಲ್ಲಿಂದ ಮುಗಿಯುವವರೆಗೆ ಮೂರೇ ಸಂಗತಿಗೆ ಗೀಟು ಹಾಕುತ್ತ ಹೋಗಿ. ಮೆಕ್ಯಾನಿಕ್ ಎಷ್ಟು ಸಲ ಕೆಲಸ ಬಿಟ್ಟು ಮ್ಯಾನ್ಯುಅಲನ್ನೋ ಫೋನನ್ನೋ ನೋಡಿದ? ಎಷ್ಟು ಸಲ ‘ಅಣ್ಣಾ, ಇದು ಎಲ್ಲಿ ಬರುತ್ತೆ?’ ಎಂದು ಹಿರಿಯನನ್ನು ಕೂಗಿದ? ಎಷ್ಟು ಸಲ ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿದ? ಈ ಗೀಟುಗಳೇ ನಿಮ್ಮ ಬಂಡವಾಳ. ಗೀಟು ಕಡಿಮೆ ಇರುವ ಕೆಲಸಕ್ಕೆ ಎಆರ್ ಬೇಡ. ಸಾಲುಗಟ್ಟಿದ ಕಡೆ ಗುರುತು ಹಾಕಿಡಿ. ಈ ಪುಟವನ್ನು ಹರಿಯಬೇಡಿ, ಕೊನೆಯ ಸೂತ್ರಕ್ಕೆ ಬೇಕಾಗುತ್ತದೆ.

2. ಹುಡುಕುವುದಕ್ಕೆ ಎಆರ್, ತಿರುಗಿಸುವುದಕ್ಕೆ ಸ್ಪ್ಯಾನರ್

ಎಆರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಒಂದು ಪ್ರಯೋಗ ಬಹಳ ಹಿಂದೆಯೇ ಬಿಡಿಸಿಟ್ಟಿದೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಲಂಬಿಯಾದ ಸ್ಟೀವನ್ ಹೆಂಡರ್ಸನ್ ಮತ್ತು ಫೈನರ್ ಅವರು ಅಮೆರಿಕದ ಮರೀನ್ ಪಡೆಯ ಆರು ಮೆಕ್ಯಾನಿಕ್‌ಗಳನ್ನು ಎಲ್‌ಎವಿ-25 ಎಂಬ ಕವಚವಾಹನದ ಗೋಪುರದೊಳಗೆ ಕೂರಿಸಿದರು. ಮೈ ಹೊರಳಿಸಲೂ ಜಾಗವಿಲ್ಲದ, ವೈರು, ಪೈಪು, ಬೋಲ್ಟುಗಳಿಂದ ಗಿಜಿಗುಡುವ ಜಾಗ ಅದು. ಕೊಟ್ಟದ್ದು 18 ಕೆಲಸ. ಒಮ್ಮೆ ತಲೆಗೆ ತೊಟ್ಟ ಎಆರ್ ಸಾಧನ, ಒಮ್ಮೆ ಪಕ್ಕದಲ್ಲಿಟ್ಟ ಸಾಮಾನ್ಯ ಪರದೆ.

ಎಆರ್ ತೊಟ್ಟಾಗ ಕೆಲಸದ ಜಾಗ ಹುಡುಕಲು ಹಿಡಿದ ಹೊತ್ತು ಪರದೆ ನೋಡಿ ಹುಡುಕಿದ್ದರ ಹೆಚ್ಚೂಕಡಿಮೆ ಅರ್ಧ. ಕತ್ತು ಅತ್ತಿತ್ತ ತಿರುಗಿಸುವುದೂ ಇಳಿಯಿತು. ಆದರೆ ಇಡೀ ಕೆಲಸ ಮುಗಿಸಲು ಹಿಡಿದ ಹೊತ್ತು ಲೆಕ್ಕ ಹಾಕಿದರೆ ಎಆರ್ ಪರದೆಯನ್ನು ಹಿಂದೆ ಹಾಕಲಿಲ್ಲ. ಬಾಣ ಬೋಲ್ಟಿನ ತನಕ ಕರೆದೊಯ್ಯಿತು. ಆಮೇಲೆ ಬೋಲ್ಟು ತಿರುಗಿಸಬೇಕಾದದ್ದು ಅದೇ ಕೈ, ಅದೂ ತಲೆಯ ಮೇಲೊಂದು ಭಾರ ಹೊತ್ತುಕೊಂಡು.

ಗ್ಯಾರೇಜ್ ಮಾಲೀಕರು ಗೋಡೆಗೆ ಬರೆದಿಟ್ಟುಕೊಳ್ಳಬೇಕಾದ ಪಾಠ ಇದು. ಎಆರ್ ಕಣ್ಣಿನ ಅಲೆದಾಟ ತಪ್ಪಿಸುತ್ತದೆ. ತುಕ್ಕು ಹಿಡಿದ ನಟ್ಟನ್ನು ಸಡಿಲಿಸುವುದಿಲ್ಲ.

3. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಕೆಲಸ ಆರಿಸಿ

ಆಯಿಲ್ ಬದಲಿಸಲು, ಏರ್ ಫಿಲ್ಟರ್ ಹಾಕಲು ಎಆರ್ ಮಾಡಿಸಿದರೆ ನಿಮ್ಮ ಹುಡುಗರೇ ನಗುತ್ತಾರೆ. ಕಣ್ಣು ಮುಚ್ಚಿ ಮಾಡುವ ಕೆಲಸಕ್ಕೆ ಬಾಣ ಯಾಕೆ? ಇನ್ನೊಂದು ತುದಿಯಲ್ಲಿ, ವರ್ಷಕ್ಕೊಮ್ಮೆ ಬರುವ ಅಪರೂಪದ ಕೆಲಸಕ್ಕೆ ಹೆಜ್ಜೆ ಹೆಜ್ಜೆಯ ಎಆರ್ ಪಾಠ ಸಿದ್ಧಪಡಿಸಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ನಡುವಿನದನ್ನು ಹಿಡಿಯಿರಿ: ತಿಂಗಳಲ್ಲಿ ನಾಲ್ಕಾರು ಸಲವಾದರೂ ಬರಬೇಕು, ಹೆಜ್ಜೆಗಳು ಹೆಚ್ಚಿರಬೇಕು, ಭಾಗಗಳು ಮರೆಯಲ್ಲಿರಬೇಕು, ಕ್ರಮ ತಪ್ಪಿದರೆ ನಷ್ಟ ದೊಡ್ಡದಿರಬೇಕು.

ಒಳ್ಳೆಯ ಉದಾಹರಣೆ ಸಿಲಿಂಡರ್ ಹೆಡ್ ಬೋಲ್ಟು. ಸಾಮಾನ್ಯವಾಗಿ ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ, ಒಂದೊಂದೇ ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಈಗಿನ ಅನೇಕ ಇಂಜಿನ್‌ಗಳಲ್ಲಿ ಟಾರ್ಕ್ ಮುಟ್ಟಿದ ಮೇಲೆ ಇಂತಿಷ್ಟು ಡಿಗ್ರಿ ಇನ್ನೂ ತಿರುಗಿಸಬೇಕು. ಕ್ರಮ ತಪ್ಪಿದರೆ ಗ್ಯಾಸ್ಕೆಟ್ ಸರಿಯಾಗಿ ಕೂರುವುದಿಲ್ಲ, ಮಾಡಿದ ಹೆಡ್ಡನ್ನೇ ಮತ್ತೆ ಇಳಿಸಬೇಕಾಗುತ್ತದೆ. ಇಲ್ಲಿ ಬೋಲ್ಟುಗಳ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಹೊಳೆದರೆ ಅದಕ್ಕೆ ಬೆಲೆಯಿದೆ. ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್, ಬಂಪರಿನೊಳಗಿನ ಸೆನ್ಸರ್, ಫ್ಯೂಸ್ ಬಾಕ್ಸ್ ಇವೂ ಇದೇ ಸಾಲಿಗೆ ಸೇರುತ್ತವೆ.

ಆರಿಸುವುದು ಒಂದೇ ಕೆಲಸ ಇರಲಿ. ಅದು ಗೆದ್ದ ಮೇಲೆ ಎರಡನೆಯದು.

4. ಜೇಬಿನಲ್ಲಿರುವ ಫೋನಿನಿಂದಲೇ ಶುರುಮಾಡಿ

ಹಾಸಿಗೆ ಇದ್ದಷ್ಟು ಕಾಲು ಚಾಚಿ. 2017ರಲ್ಲಿ ಆಪಲ್‌ನ ಎಆರ್‌ಕಿಟ್ ಬಂತು, ಬೆನ್ನಿಗೇ ಗೂಗಲ್‌ನ ಎಆರ್‌ಕೋರ್. ಅಂದಿನಿಂದ ಎಷ್ಟೋ ಫೋನುಗಳು ಮತ್ತು ಟ್ಯಾಬ್‌ಗಳು ಈ ಕೆಲಸಕ್ಕೆ ಸಾಕಾಗುತ್ತಿವೆ. ಫೋಕ್ಸ್‌ವ್ಯಾಗನ್ 2013ರಲ್ಲೇ ತನ್ನ ಎಕ್ಸ್‌ಎಲ್1 ಕಾರಿನ ಸರ್ವೀಸಿಗೆ ‘ಮಾರ್ತಾ’ ಎಂಬ ವ್ಯವಸ್ಥೆಯನ್ನು ಐಪ್ಯಾಡ್ ಮೇಲೆ ತಂದಿತ್ತು. ಮಾಡಿದ್ದು ಬರೀ 250 ಕಾರು. ಅಷ್ಟು ಅಪರೂಪದ ಗಾಡಿಯನ್ನು ಮೊದಲೇ ಬಿಚ್ಚಿ ಪಳಗಿದ ಮೆಕ್ಯಾನಿಕ್ ಎಲ್ಲಿ ಸಿಗುತ್ತಾನೆ? ಟ್ಯಾಬ್ ಹಿಡಿದರೆ ಯಾವ ಭಾಗ ಎಲ್ಲಿ, ಯಾವ ಸಲಕರಣೆ ಬೇಕು ಎಂದು ಕಾರಿನ ಮೇಲೇ ಕಾಣುತ್ತಿತ್ತು. 2015ರಲ್ಲಿ ಹ್ಯುಂಡೈ ಅಮೆರಿಕದಲ್ಲಿ ಇದನ್ನೇ ಗಾಡಿಯ ಮಾಲೀಕರ ಫೋನಿಗೆ ತಂದಿತು. ಬಾನೆಟ್ಟಿನತ್ತ ಫೋನು ಹಿಡಿದರೆ ಆಯಿಲ್ ಎಲ್ಲಿ, ಬ್ರೇಕ್ ಫ್ಲೂಯಿಡ್ ಎಲ್ಲಿ ಎಂದು ತೋರಿಸುವ ಮ್ಯಾನ್ಯುಅಲ್ ಅದು.

ಟ್ಯಾಬ್ ಕೊಂಡರೆ ಜೊತೆಗೆ ಒಂದು ಗಟ್ಟಿ ಸ್ಟ್ಯಾಂಡೂ ಕೊಳ್ಳಿ. ಕೈಯಲ್ಲಿ ಹಿಡಿದೇ ಇರಬೇಕಾದ ಟ್ಯಾಬಿನಿಂದ ಮೆಕ್ಯಾನಿಕ್ಕಿನ ಒಂದು ಕೈ ಹೋದಂತೆ.

5. ಕನ್ನಡಕಕ್ಕೆ ಮೊದಲು ಕತ್ತಿನ ಒಪ್ಪಿಗೆ ಪಡೆಯಿರಿ

ಎರಡೂ ಕೈ ಸದಾ ಬೇಕೇ ಬೇಕು ಎನ್ನುವ ಕೆಲಸವಿದ್ದರೆ ಮಾತ್ರ ತಲೆಗೆ ತೊಡುವ ಸಾಧನ. ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2 ತೂಗುವುದು 566 ಗ್ರಾಂ, ಅರ್ಧ ಕಿಲೋಗೂ ಮೇಲೆ. 2019ರಲ್ಲಿ ಹೊರಬಂದಾಗ ಬೆಲೆ 3,500 ಡಾಲರ್. ಅಂಗಡಿಯಲ್ಲಿ ಐದು ನಿಮಿಷ ತೊಟ್ಟಾಗ ಹಗುರ ಅನ್ನಿಸಿದ್ದು ಪಿಟ್ಟಿನೊಳಗೆ ಕತ್ತೆತ್ತಿ ಗೇರ್‌ಬಾಕ್ಸ್ ನೋಡುವಾಗ ಸಿಮೆಂಟ್ ಚೀಲವಾಗುತ್ತದೆ. ಯಾವುದನ್ನೇ ಕೊಳ್ಳುವ ಮುಂಚೆ ನಿಮ್ಮ ಮೆಕ್ಯಾನಿಕ್ ಅದನ್ನು ತೊಟ್ಟು ಅರ್ಧ ದಿನ ನಿಜವಾದ ಕೆಲಸ ಮಾಡಲಿ, ಬೆವರಿಳಿಯುವ ಮಧ್ಯಾಹ್ನವೇ ಆಗಲಿ. ಅವನಿಗೆ ಮೊದಲೇ ಚಾಳೀಸು ಇದ್ದರೆ ಅದರ ಮೇಲೆ ಕೂರುತ್ತದೆಯೇ ನೋಡಿ. ಸಂಜೆ ಅವನು ‘ಪರವಾಗಿಲ್ಲ ಸಾರ್’ ಎಂದರೆ ಕೊಳ್ಳಬೇಡಿ; ‘ನಾಳೆಯೂ ಇರುತ್ತಾ?’ ಎಂದು ಕೇಳಿದರೆ ಕೊಳ್ಳಿ.

6. ಮೇಸ್ತ್ರಿಯ ಕೈಯನ್ನು ಸೆರೆಹಿಡಿಯಿರಿ

ಮ್ಯಾನ್ಯುಅಲಿನಲ್ಲಿ ‘ಕನೆಕ್ಟರ್ ಬಿಚ್ಚಿ’ ಎಂದಷ್ಟೇ ಇರುತ್ತದೆ. ಒಳಗಡೆಯ ಲಾಕನ್ನು ಹೆಬ್ಬೆರಳಲ್ಲಿ ಒತ್ತಿ, ಒಮ್ಮೆ ಒಳಕ್ಕೆ ತಳ್ಳಿ, ಆಮೇಲೆ ಎಳೆದರೆ ಮಾತ್ರ ಅದು ಬರುತ್ತದೆ ಎಂಬುದು ಇಪ್ಪತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿದವರಿಗಷ್ಟೇ ಗೊತ್ತು. ಆ ತಿಳಿವಳಿಕೆ ಪುಸ್ತಕಕ್ಕೆ ಇಳಿದಿಲ್ಲ. ಅವರು ನಿವೃತ್ತರಾದ ದಿನ ಅವರ ಜೊತೆಗೇ ಹೊರಟುಹೋಗುತ್ತದೆ.

ಆದ್ದರಿಂದ ಪಾಠ ಬರೆಯುವ ಕೆಲಸವನ್ನು ಸಾಫ್ಟ್‌ವೇರಿನವರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಡಿ. ಮೇಸ್ತ್ರಿಯ ಎದೆಗೊಂದು ಚಿಕ್ಕ ಕ್ಯಾಮೆರಾ ಕಟ್ಟಿ, ಅದೇ ಕೆಲಸವನ್ನು ಮೂರು ಸಲ ಮಾಡಿಸಿ. ಮೊದಲ ಸಲ ಅವರಷ್ಟಕ್ಕೆ ಬಿಡಿ. ಎರಡನೇ ಸಲ ಮಾತಾಡುತ್ತ ಮಾಡಲಿ. ಮೂರನೇ ಸಲ ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ ಕೇಳಿ: ‘ಹೊಸ ಹುಡುಗ ಇಲ್ಲಿ ಏನು ತಪ್ಪು ಮಾಡುತ್ತಾನೆ?’ ಸಿಗುವ ಉತ್ತರಗಳೇ ನಿಮ್ಮ ಬಾಣಗಳು ಕೂರಬೇಕಾದ ಜಾಗ. ಪಾಠದ ಮೊದಲ ಪರದೆಯ ಮೇಲೆ ಮೇಸ್ತ್ರಿಯ ಹೆಸರು ಹಾಕಿ. ತನ್ನ ವಿದ್ಯೆ ಕಸಿದುಕೊಳ್ಳುತ್ತಿದ್ದಾರೆ ಎಂಬ ಅನುಮಾನ ಇದ್ದಲ್ಲಿ ಯಾರೂ ಗುಟ್ಟು ಬಿಡುವುದಿಲ್ಲ.

7. ಒಂದು ಹೆಜ್ಜೆ, ಒಂದು ಬಾಣ

ಹೊಸದಾಗಿ ಎಆರ್ ಮಾಡುವವರ ದೊಡ್ಡ ಚಪಲ ಎಲ್ಲವನ್ನೂ ಒಟ್ಟಿಗೆ ತೋರಿಸುವುದು. ಬಾಣ, ಬಣ್ಣ, ಗಿರಗಿರನೆ ತಿರುಗುವ ಚಿತ್ರ, ಪಕ್ಕದಲ್ಲೊಂದು ಪ್ಯಾರಾ. ಜಾತ್ರೆಯ ತೇರು ಸಿದ್ಧ, ಬೋಲ್ಟು ಕಾಣೆ. ಒಂದು ಹೊತ್ತಿಗೆ ಒಂದೇ ಹೆಜ್ಜೆ ಕಾಣಲಿ. ಬಾಣ ಕೆಲಸದ ಜಾಗವನ್ನು ಮುಚ್ಚದೆ ಪಕ್ಕದಿಂದ ತೋರಿಸಲಿ. ಕೊಲಂಬಿಯಾದವರ ಪ್ರಯೋಗದಲ್ಲಿ ಒಂದು ಜಾಣತನವಿತ್ತು: ಮೆಕ್ಯಾನಿಕ್ ಸರಿಯಾದ ಕಡೆ ತಲೆ ತಿರುಗಿಸಿದ ಮೇಲೆ ಬಾಣ ಮೆಲ್ಲಗೆ ಮಸುಕಾಗುತ್ತಿತ್ತು. ದಾರಿ ತೋರಿದವನು ಪಕ್ಕಕ್ಕೆ ಸರಿಯಬೇಕಲ್ಲ, ಹಾಗೆ. ಮುಂದಿನ ಹೆಜ್ಜೆಗೆ ಹೋಗಲು ಅವರು ಬಳಸಿದ್ದು ಮಣಿಕಟ್ಟಿಗೆ ಕಟ್ಟಿದ ಒಂದು ಫೋನು. ನಿಮ್ಮಲ್ಲಿ ಅದು ಕಾಲಲ್ಲಿ ಒತ್ತುವ ಸ್ವಿಚ್ಚಾಗಬಹುದು, ಬಾಯಿಮಾತಾಗಬಹುದು. ಗ್ರೀಸ್ ಬೆರಳು ಪರದೆ ಮುಟ್ಟುವಂತಾಗದಿದ್ದರೆ ಸರಿ.

8. ಗ್ಯಾರೇಜಿನ ಕನ್ನಡದಲ್ಲಿ ಹೇಳಿ

ಪಾಠ ಕನ್ನಡದಲ್ಲಿರಲಿ, ಆದರೆ ನಿಘಂಟಿನ ಕನ್ನಡ ಬೇಡ. ‘ತಿರುಚುಬಲ ಮಾಪಕದಿಂದ ಬಂಧನಿಯನ್ನು ಬಿಗಿಗೊಳಿಸುವುದು’ ಎಂದರೆ ಹುಡುಗ ಗಾಬರಿಯಾಗಿ ಮೇಸ್ತ್ರಿಯನ್ನು ಕರೆಯುತ್ತಾನೆ. ‘ಹದಿನಾಲ್ಕರ ಸಾಕೆಟ್ ತಗೊ. ಮೊದಲು ಕೈಯಲ್ಲಿ ಕೂರಿಸು, ಆಮೇಲೆ ಟಾರ್ಕ್ ರೆಂಚ್’ ಎಂದರೆ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಕೆಳಗೆ ಬರೆದದ್ದನ್ನು ಓದಲು ಹಿಂಜರಿಯುವವರೂ ಇರುತ್ತಾರೆ, ಅವರಿಗಾಗಿ ದನಿ ಇರಲಿ. ಕಂಪ್ಯೂಟರ್ ದನಿಗಿಂತ ನಿಮ್ಮ ಮೇಸ್ತ್ರಿಯ ದನಿಯೇ ಆದರೆ ಇನ್ನೂ ಒಳ್ಳೆಯದು. ಬಿಡಿಭಾಗದ ಹೆಸರನ್ನು ನಿಮ್ಮ ಊರಿನಲ್ಲಿ ಹೇಗೆ ಕರೆಯುತ್ತಾರೋ ಹಾಗೇ ಬರೆಯಿರಿ, ಕೆಳಗೆ ಕಂಪನಿಯ ಪಾರ್ಟ್ ನಂಬರ್ ಹಾಕಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೆಸರು ನಾಲ್ಕು ಬಗೆಯಾಗಬಹುದು, ನಂಬರ್ ಬದಲಾಗುವುದಿಲ್ಲ.

9. ಎದುರಿಗಿರುವುದು ಯಾವ ಗಾಡಿ, ಮೊದಲು ಕೇಳಿ

ತಪ್ಪು ಜಾಗ ತೋರಿಸುವ ಬಾಣ, ಬಾಣವೇ ಇಲ್ಲದ್ದಕ್ಕಿಂತ ಅಪಾಯ. ಕಾಗದದ ಮ್ಯಾನ್ಯುಅಲ್ ನೋಡುವಾಗ ನಾವು ಅನುಮಾನಿಸುತ್ತೇವೆ, ಹೋಲಿಸುತ್ತೇವೆ. ಬಾಣ ಬೋಲ್ಟಿನ ಮೇಲೆಯೇ ಕೂತರೆ ಅನುಮಾನ ಸತ್ತುಹೋಗುತ್ತದೆ.

ಒಂದೇ ಹೆಸರಿನ ಕಾರು ಪೆಟ್ರೋಲ್‌ನಲ್ಲೂ ಇರುತ್ತದೆ, ಡೀಸೆಲ್‌ನಲ್ಲೂ ಇರುತ್ತದೆ. ನಡುವೆ ಮುಖ ಬದಲಾಗಿರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಜಾರಿಗೆ ಬಂದಾಗ ಹೊರಗಿನಿಂದ ಅದೇ ಗಾಡಿ, ಒಳಗೆ ಹೊಗೆ ಶುದ್ಧಿಯ ಸಾಮಾನು ಮತ್ತು ಸೆನ್ಸರುಗಳು ಬೇರೆ. ಬಿಎಸ್4 ಗಾಡಿಗೆ ಮಾಡಿದ ಪಾಠ ಬಿಎಸ್6 ಗಾಡಿಯ ಮೇಲೆ ತೆರೆದುಕೊಂಡರೆ ಬಾಣ ಇಲ್ಲದ ಸೆನ್ಸರನ್ನು ತೋರಿಸುತ್ತ ನಿಲ್ಲುತ್ತದೆ. ಆದ್ದರಿಂದ ಪಾಠದ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಆ ಗಾಡಿಯ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಆಗಿರಲಿ. ಅದನ್ನು ಸ್ಕ್ಯಾನ್ ಮಾಡದೆ ಮೊದಲ ಹೆಜ್ಜೆ ತೆರೆಯಬಾರದು.

10. ಎಣ್ಣೆ, ಹೊಳಪು, ಕತ್ತಲು ಈ ಮೂವರನ್ನು ನಂಬಬೇಡಿ

ಬಾಣ ತನ್ನ ಜಾಗದಲ್ಲೇ ನಿಲ್ಲಬೇಕಾದರೆ ಕ್ಯಾಮೆರಾ ಎದುರಿನ ವಸ್ತುವಿನ ಮೂಲೆ, ಗೆರೆ, ಗುರುತುಗಳನ್ನು ಹಿಡಿದು ತಾನೆಲ್ಲಿದ್ದೇನೆ ಎಂದು ಗಳಿಗೆ ಗಳಿಗೆಗೂ ಲೆಕ್ಕ ಹಾಕುತ್ತಿರಬೇಕು. ಶೋರೂಮಿನ ಕಾರಿನ ಮೇಲೆ ಇದು ಸಲೀಸು. ಎರಡು ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಇಂಜಿನ್ ಮೇಲೆ ಎಣ್ಣೆ-ಧೂಳಿನ ಕಪ್ಪು ಪದರ, ಎಲ್ಲವೂ ಒಂದೇ ಬಣ್ಣ. ಕ್ರೋಮ್ ಹೊಳೆದರೆ ಕ್ಯಾಮೆರಾಗೆ ಕಣ್ಣು ಕೋರೈಸುತ್ತದೆ. ಪಿಟ್ಟಿನೊಳಗೆ ಕತ್ತಲು.

ಉಪಾಯ ಸರಳ. ಮೊದಲು ಜಾಗ ಒರೆಸಿ. ನೆರಳು ಬೀಳದಂತೆ ಎರಡು ಕಡೆಯಿಂದ ಬೆಳಕು ಕೊಡಿ. ಅಷ್ಟಕ್ಕೂ ನಿಲ್ಲದಿದ್ದರೆ ಅಲುಗಾಡದ ಒಂದು ಭಾಗಕ್ಕೆ ಕಪ್ಪು-ಬಿಳುಪು ಗುರುತಿನ ಚೀಟಿಯನ್ನು ಮ್ಯಾಗ್ನೆಟ್‌ನಲ್ಲಿ ಅಂಟಿಸಿ. ಚೀಟಿ ಹಚ್ಚುವುದು ಹಳೇ ಪದ್ಧತಿ, ನಾಚಿಕೆ ಬೇಡ, ಇವತ್ತಿಗೂ ಕೈಕೊಡುವುದಿಲ್ಲ. ಪಾಠಗಳನ್ನು ಫೋನಿನೊಳಗೇ ಇಳಿಸಿಟ್ಟುಕೊಳ್ಳಿ. ಗಾಡಿಯ ಕೆಳಗೆ ಮಲಗಿದವನಿಗೆ ಸಿಗ್ನಲ್ ಸಿಗುವುದಿಲ್ಲ.

11. ಪರಿಣತರ ಕಣ್ಣು ಕರೆಸಿ, ಪ್ರಯಾಣ ಉಳಿಸಿ

ನಮ್ಮ ಮೆಕ್ಯಾನಿಕ್‌ಗಳು ಈಗಲೇ ಅರ್ಧ ಎಆರ್ ಬಳಸುತ್ತಿದ್ದಾರೆ. ಗೊತ್ತಾಗದ ಕಡೆ ವಾಟ್ಸ್ಆ್ಯಪ್ ವಿಡಿಯೊ ಕಾಲ್ ಮಾಡಿ, ‘ಅಣ್ಣಾ, ನೋಡಿ ಇಲ್ಲಿ’ ಎನ್ನುತ್ತಾರೆ. ಆ ಕಡೆಯಿಂದ ‘ಅದಲ್ಲ ಮಾರಾಯ, ಅದರ ಪಕ್ಕದ್ದು, ಎಡಕ್ಕೆ, ನಿನ್ನ ಎಡ ಅಲ್ಲ’ ಎಂದು ಶುರುವಾಗುತ್ತದೆ. ಎಆರ್ ಉಳಿದ ಅರ್ಧವನ್ನು ತುಂಬುತ್ತದೆ: ದೂರದಲ್ಲಿ ಕೂತ ಹಿರಿಯ ತನ್ನ ಪರದೆಯ ಮೇಲೆ ಗೀಚಿದ ವೃತ್ತ ಇಲ್ಲಿನ ನಿಜವಾದ ಪೈಪಿನ ಸುತ್ತ ಬಂದು ನಿಲ್ಲುತ್ತದೆ.

ಈ ದಾರಿಯನ್ನು ದೊಡ್ಡ ಕಂಪನಿಗಳು ಮೊದಲು ಹಿಡಿದವು. ಪೋರ್ಷೆಯ ಉತ್ತರ ಅಮೆರಿಕ ವಿಭಾಗ 2017ರಲ್ಲಿ ಡೀಲರ್‌ಗಳ ಮೆಕ್ಯಾನಿಕ್‌ಗಳಿಗೆ ಕನ್ನಡಕ ತೊಡಿಸಿ ಅಟ್ಲಾಂಟಾದ ಪರಿಣತರ ಜೊತೆ ಜೋಡಿಸಿತು. ತೊಡಕು ಬಗೆಹರಿಸುವ ಸಮಯ ಶೇ. 40ರವರೆಗೂ ಇಳಿಯಬಹುದು ಎಂದು ಪ್ರಾಯೋಗಿಕ ಹಂತದ ಬಳಿಕ ಕಂಪನಿ ಹೇಳಿತು. 2020ರಲ್ಲಿ ಮರ್ಸಿಡಿಸ್ ಬೆಂಜ್ ಅಮೆರಿಕದ ತನ್ನ ಡೀಲರ್‌ಗಳಿಗೆ ಹೋಲೋಲೆನ್ಸ್ 2 ಕೊಟ್ಟಿತು. ಅದೇ ವರ್ಷ ಟೊಯೋಟಾ ಜಪಾನಿನ ತನ್ನ ಜಿಆರ್ ಗ್ಯಾರೇಜುಗಳಿಗೂ ಅದನ್ನೇ ತಂದಿತು.

ತಾಲ್ಲೂಕು ಕೇಂದ್ರದ ಗ್ಯಾರೇಜಿಗೆ ಇದರ ಲಾಭ ಇನ್ನೂ ಹೆಚ್ಚು, ಯಾಕೆಂದರೆ ಪರಿಣತ ಇರುವುದು ಜಿಲ್ಲಾ ಕೇಂದ್ರದಲ್ಲಿ, ಗಾಡಿ ನಿಂತಿರುವುದು ಇಲ್ಲಿ. ಆದರೆ ಹಿರಿಯನಿಗೆ ಕರೆಗೆ ಇಷ್ಟು ಎಂದು ಕೊಡುವುದನ್ನು ಮರೆಯಬೇಡಿ. ಪುಕ್ಕಟೆ ಸಲಹೆಯಾದರೆ ಮೂರನೇ ಕರೆಗೆ ‘ಬ್ಯುಸಿ’ ಬರುತ್ತದೆ.

12. ಜೀವದ ವಿಷಯದಲ್ಲಿ ಮೀಟರಿನ ಮಾತೇ ಕೊನೆ

ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅಲ್ಲಿ ಹೈ ವೋಲ್ಟೇಜ್. ನೇರ ವಿದ್ಯುತ್ತಿನಲ್ಲಿ 60 ವೋಲ್ಟ್ ದಾಟಿದರೆ ಅಪಾಯದ ವರ್ಗ ಎಂದು ವಾಹನಗಳ ಸುರಕ್ಷತಾ ಮಾನದಂಡವೇ ಹೇಳುತ್ತದೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗಳು ನೂರಾರು ವೋಲ್ಟಿನವು. ಸರ್ವೀಸ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಕಂಪನಿ ಹೇಳಿದಷ್ಟು ಹೊತ್ತು ಕಾಯಲೇಬೇಕು. ಪರದೆಯ ಮೇಲೆ ಹಸಿರು ಟಿಕ್ ಬಂದ ಮಾತ್ರಕ್ಕೆ ವೈರು ಸತ್ತಿದೆ ಎಂದು ಅರ್ಥವಲ್ಲ. ಹೈ ವೋಲ್ಟೇಜ್ ತಡೆಯುವ ರಬ್ಬರ್ ಗ್ಲೌಸ್ ತೊಟ್ಟು ಮೀಟರ್ ಹಿಡಿದು ಸೊನ್ನೆ ನೋಡಿದ ಮೇಲೆ ಮಾತ್ರ ಕೈ ಇಡಬೇಕು. ಪಾಠ ಮಾಡುವಾಗ ಇಲ್ಲೊಂದು ತಡೆ ಹಾಕಿ: ಮೀಟರಿನಲ್ಲಿ ಬಂದ ಅಂಕಿಯನ್ನು ಬಾಯಿಬಿಟ್ಟು ಹೇಳದೆ ಮುಂದಿನ ಹೆಜ್ಜೆ ಬರಬಾರದು. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೂ ಇಂಥದ್ದೇ ತಡೆ ಇರಲಿ, ಮೊದಲು ಬ್ಯಾಟರಿ ಕಳಚು, ಕಾಯು, ಆಮೇಲೆ ಮುಟ್ಟು.

ಓಡುತ್ತಿರುವ ಇಂಜಿನ್ ಹತ್ತಿರ ತೂಗಾಡುವ ವೈರಿರುವ ಸಾಧನ ತೊಡಲೇಬಾರದು. ರೇಡಿಯೇಟರ್ ಫ್ಯಾನು ಇಂಜಿನ್ ನಿಂತ ಮೇಲೂ ತಟ್ಟನೆ ತಿರುಗಬಹುದು. ಕನ್ನಡಕ ತೊಟ್ಟು ಪಿಟ್ಟಿನ ಅಂಚಿನಲ್ಲಿ ನಡೆಯುವುದು ಬೇಡ. ಕೆಲಸದ ಜಾಗದಲ್ಲಿ ನಿಂತ ಮೇಲೆ ತೊಡು, ಹೊರಡುವ ಮೊದಲು ತೆಗೆ ಎಂಬುದು ನಿಯಮವಾಗಲಿ.

13. ಸಾಧನ ಹೋಗುತ್ತದೆ, ಪಾಠ ಉಳಿಯಬೇಕು

ಈ ಕ್ಷೇತ್ರದ ಹಾದಿಯಲ್ಲಿ ಸಮಾಧಿಗಳು ಸಾಲಾಗಿವೆ. ಫೋಕ್ಸ್‌ವ್ಯಾಗನ್‌ಗೆ ಮಾರ್ತಾ ಮಾಡಿಕೊಟ್ಟ ಮೆಟಾಯೊ ಕಂಪನಿಯನ್ನು 2015ರಲ್ಲಿ ಆಪಲ್ ಕೊಂಡಿತು, ಅದರ ಸಾಫ್ಟ್‌ವೇರ್ ಮಾರಾಟ ನಿಂತಿತು. ಪೋರ್ಷೆ ಮೆಕ್ಯಾನಿಕ್‌ಗಳು ತೊಟ್ಟ ಕನ್ನಡಕದ ತಯಾರಕ ಕಂಪನಿ ಓಡಿಜಿ 2019ರಲ್ಲಿ ಬಾಗಿಲು ಹಾಕಿತು. ಗೂಗಲ್ 2023ರಲ್ಲಿ ಉದ್ಯಮಗಳಿಗೆ ತನ್ನ ‘ಗ್ಲಾಸ್’ ಕನ್ನಡಕ ಮಾರುವುದನ್ನು ಬಿಟ್ಟಿತು. 2024ರಲ್ಲಿ ಹೋಲೋಲೆನ್ಸ್ 2 ತಯಾರಿಕೆಯೂ ನಿಂತಿತು.

ಆದ್ದರಿಂದ ನಿಮ್ಮ ಪಾಠದ ಜೀವವನ್ನು ಒಂದು ಕನ್ನಡಕದೊಳಗೆ ಬಚ್ಚಿಡಬೇಡಿ. ಹೆಜ್ಜೆಗಳ ಪಟ್ಟಿ, ಟಾರ್ಕ್ ಅಂಕಿಗಳು, ಫೋಟೊ, ವಿಡಿಯೊ, ಮೇಸ್ತ್ರಿಯ ದನಿ ಎಲ್ಲವೂ ಸಾಮಾನ್ಯ ಫೈಲುಗಳಾಗಿ ನಿಮ್ಮ ಕಂಪ್ಯೂಟರಿನಲ್ಲಿ ಇರಲಿ. ಮಾರುವವರನ್ನು ಮೊದಲ ಭೇಟಿಯಲ್ಲೇ ಕೇಳಿ: ‘ನೀವು ನಾಳೆ ಅಂಗಡಿ ಮುಚ್ಚಿದರೆ ನನ್ನ ಪಾಠ ನನಗೆ ಯಾವ ರೂಪದಲ್ಲಿ ಸಿಗುತ್ತದೆ?’ ಉತ್ತರ ತಡವರಿಸಿದರೆ ಕಾಫಿ ಕುಡಿಸಿ ಕಳಿಸಿಕೊಡಿ.

14. ಗಿರಾಕಿಗೆ ಹೇಳಿ, ಹುಡುಗನೆದುರಿನ ಬಾಣ ಅಳಿಸಿ

ಎರಡು ಚಿಕ್ಕ ಮಾತು, ಎರಡೂ ನಂಬಿಕೆಗೆ ಸೇರಿದವು. ಕ್ಯಾಮೆರಾ ಇಂಜಿನ್ನಿನ ಜೊತೆ ಗಾಡಿಯ ನಂಬರ್ ಪ್ಲೇಟನ್ನೂ ಸೀಟಿನ ಮೇಲಿನ ಕಾಗದವನ್ನೂ ನೋಡುತ್ತದೆ. ನಮ್ಮಲ್ಲಿ 2023ರಿಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಜಾಬ್ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿ ಗಿರಾಕಿಯ ಒಪ್ಪಿಗೆ ಪಡೆಯಿರಿ. ಅದೇ ವಿಡಿಯೊ ನಿಮಗೂ ರಕ್ಷಣೆ. ಯಾವ ಬೋಲ್ಟು ಬಿಗಿದಿರಿ ಎಂಬುದಕ್ಕೆ ಸಾಕ್ಷಿ.

ಇನ್ನೊಂದು, ಕಲಿಯುವವನದು. ಪ್ರತಿ ಹೆಜ್ಜೆಗೂ ಸಲಹೆ ಸಿಗುತ್ತಿದ್ದರೆ ಅಭ್ಯಾಸದ ದಿನ ಚೆನ್ನಾಗಿ ಮಾಡುತ್ತಾರೆ, ಸಲಹೆ ತೆಗೆದ ದಿನ ತಡವರಿಸುತ್ತಾರೆ. ಕೈಯ ಚಲನೆ ಹೇಗೆ ಕಲಿಯುತ್ತೇವೆ ಎಂದು ಅಧ್ಯಯನ ಮಾಡಿದ ಮನೋವಿಜ್ಞಾನಿಗಳು 1980ರ ದಶಕದಿಂದಲೂ ಇದನ್ನು ಹೇಳುತ್ತ ಬಂದಿದ್ದಾರೆ. ಮೊದಲ ಎರಡು ಸಲ ಎಲ್ಲ ಬಾಣ ಇರಲಿ. ಮೂರನೇ ಸಲ ಜಾಗ ತೋರಿಸುವ ಬಾಣ ತೆಗೆದು ಟಾರ್ಕ್ ಅಂಕಿ ಮಾತ್ರ ಉಳಿಸಿ. ಐದನೇ ಸಲ ಕೊನೆಯ ಪರೀಕ್ಷೆಯ ಪಟ್ಟಿ ಮಾತ್ರ. ಸುರಕ್ಷತೆಯ ತಡೆಗಳನ್ನು ಮಾತ್ರ ಎಂದೂ ತೆಗೆಯಬೇಡಿ, ಅವು ಮೇಸ್ತ್ರಿಗೂ ಬೇಕು.

15. ಅದೇ ನೋಟ್‌ಬುಕ್, ಅದೇ ಮೂಲೆ

ಮೂರು ತಿಂಗಳಾದ ಮೇಲೆ ಅದೇ ನೋಟ್‌ಬುಕ್ ಹಿಡಿದು ಅದೇ ಮೂಲೆಯಲ್ಲಿ ನಿಲ್ಲಿ. ಅದೇ ಕೆಲಸ, ಸಾಧ್ಯವಾದರೆ ಅದೇ ಹುಡುಗ. ಮತ್ತೆ ಮೂರು ಬಗೆಯ ಗೀಟು. ಮ್ಯಾನ್ಯುಅಲ್ ನೋಡಿದ್ದು, ಹಿರಿಯನನ್ನು ಕೂಗಿದ್ದು, ಬಿಚ್ಚಿ ಮತ್ತೆ ಹಾಕಿದ್ದು. ನಾಲ್ಕನೆಯದೊಂದನ್ನು ಸೇರಿಸಿ: ಇದೇ ದೂರಿನೊಂದಿಗೆ ಎಷ್ಟು ಗಾಡಿ ವಾಪಸ್ ಬಂದವು?

ಗೀಟು ಇಳಿದಿದ್ದರೆ ಎರಡನೇ ಕೆಲಸಕ್ಕೆ ಕೈ ಹಾಕಿ. ಇಳಿಯದಿದ್ದರೆ ಸಾಧನವನ್ನು ಬೈಯುವ ಮೊದಲು ಪಾಠ ತೆರೆದು ನೋಡಿ. ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ: ಬಾಣ ಕೂತ ಕಡೆ ಹುಡುಗನಿಗೆ ತೊಡಕಿಲ್ಲ, ತೊಡಕಿದ್ದ ಕಡೆ ಬಾಣವಿಲ್ಲ. ಮೇಸ್ತ್ರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ತಿದ್ದಿ, ಇನ್ನೊಂದು ತಿಂಗಳು ಕೊಡಿ. ಎರಡು ಸಲ ತಿದ್ದಿದರೂ ಗೀಟು ಕದಲದಿದ್ದರೆ ಆ ಕೆಲಸಕ್ಕೆ ಎಆರ್ ಬೇಕಿರಲಿಲ್ಲ ಎಂದು ಒಪ್ಪಿಕೊಂಡು ಸ್ಟ್ಯಾಂಡ್ ಮಡಿಚಿಡಿ.

ಇನ್ನೊಂದು ಸಾಧ್ಯತೆಯೂ ಇದೆ. ನೀವು ಮೂಲೆಯಲ್ಲಿ ನಿಂತು ಕಾಯುತ್ತೀರಿ. ಸ್ಟ್ಯಾಂಡಿನ ಮೇಲೆ ಟ್ಯಾಬ್ ಆರಿದೆ, ಹುಡುಗ ಅದರ ಕಡೆ ನೋಡುವುದೇ ಇಲ್ಲ. ನೇರವಾಗಿ ಬಗ್ಗಿ, ಇಂಜಿನ್ನಿನ ಹಿಂದಕ್ಕೆ ಕೈ ಇಳಿಸಿ, ಹೆಬ್ಬೆರಳಲ್ಲಿ ಲಾಕ್ ಒತ್ತಿ, ಒಮ್ಮೆ ಒಳಕ್ಕೆ ತಳ್ಳಿ ಕನೆಕ್ಟರ್ ಎಳೆಯುತ್ತಾನೆ. ಟಾರ್ಕ್ ಹಾಕುವ ಹೊತ್ತಿಗೆ ಮಾತ್ರ ಟ್ಯಾಬ್ ಎಬ್ಬಿಸಿ ಅಂಕಿ ನೋಡುತ್ತಾನೆ. ಪುಟದಲ್ಲಿ ಒಂದೇ ಗೀಟು. ಆ ಪುಟವನ್ನು ಮೇಸ್ತ್ರಿಗೆ ತೋರಿಸಿ. ಮುಂದೆ ಯಾವ ಕೆಲಸಕ್ಕೆ ಪಾಠ ಮಾಡಬೇಕೆಂದು ಅವರೇ ಹೇಳುತ್ತಾರೆ.